ಚಿದ್ರಿಯ ಇಂಜಿನ್ ಗಾಡಿಗೆ ಗೌರವ ಸಂದ ಬಗೆ

ಚಿದ್ರಿಯ ನಾಗಸೇನನಿಗೆ ಒಂದೇ ಒಂದು ಚಟವಿತ್ತು. ಅದು ಕುಡಿತವಲ್ಲ, ಇಸ್ಪೀಟಲ್ಲ, ಗುಟಕಾ ಕೂಡ ಅಲ್ಲ. ಸನ್ಮಾನ. ಅದೂ ಬೇರೆಯವರಿಗೆ ಆಗುವ ಸನ್ಮಾನವನ್ನು ನೋಡುವ ಚಟ. ಬೀದರದಲ್ಲಿ ಎಲ್ಲಿ ಶಾಮಿಯಾನ ಬಿದ್ದರೂ ಅವನು ಹಿಂದಿನ ಸಾಲಿನಲ್ಲಿ ಹೋಗಿ ನಿಲ್ಲುತ್ತಿದ್ದ. ಯಾರ ಹೆಗಲಿಗೆ ಶಾಲು ಬಿತ್ತು, ಯಾರ ತಲೆಗೆ ಫೇಟಾ ಏರಿತು, ಹಾರ ಗುಲಾಬಿಯದೋ ಚೆಂಡುಹೂವಿನದೋ ಎಂಬುದನ್ನೆಲ್ಲ ನೋಡಿಕೊಂಡು ಬಂದು ಹೆಂಡತಿ ಆಮ್ರಪಾಲಿಗೆ ಒಪ್ಪಿಸುತ್ತಿದ್ದ. ನಿವೃತ್ತರಾದ ಮಾಸ್ತರರಿಗೆ ಸನ್ಮಾನ, ಇನ್ನೂ ನಿವೃತ್ತರಾಗದ ಮಾಸ್ತರರಿಗೂ ಸನ್ಮಾನ, ಹುಟ್ಟುಹಬ್ಬ ಬಂದದ್ದಕ್ಕೆ ಸನ್ಮಾನ, ದವಾಖಾನೆಯಿಂದ ಗುಣವಾಗಿ ಬಂದದ್ದಕ್ಕೆ ಸನ್ಮಾನ. ಇಷ್ಟು ಗೌರವ ಹರಿದಾಡುವ ಊರಿನಲ್ಲಿ, ಐವತ್ತರ ಹತ್ತಿರ ಬಂದರೂ ತನಗೆ ಯಾರೂ ಒಂದು ಟಾವೆಲ್ಲನ್ನೂ ಹೊದಿಸಲಿಲ್ಲವಲ್ಲ ಎಂಬುದು ಅವನ ಕೊರಗು.

"ಏನ್ ಮಾಡೀರಿ ಅಂತ ನಿಮಗ ಸನ್ಮಾನ ಮಾಡ್ಬೇಕ್ರಿ?" ಎಂದು ಆಮ್ರಪಾಲಿ ಕೇಳುತ್ತಿದ್ದಳು. "ಉಳ್ಳಾಗಡ್ಡಿ ಚೀಲ ಹೊತ್ತದ್ದಕ್ಕ?"

"ಯಾರರೆ ಹೊರಬೇಕಲ್ಲ," ಎನ್ನುತ್ತಿದ್ದ ನಾಗಸೇನ.

ಅವನು ಚೀಲ ಹೊರುತ್ತಿದ್ದುದು ತನ್ನ ಇಂಜಿನ್ ಗಾಡಿಯ ಮೇಲೆ. ಆ ಗಾಡಿಯನ್ನು ಕಟ್ಟಿದವನು ಅವನ ಅಪ್ಪ ಮಾಣಿಕ. ಬಾವಿಯಿಂದ ನೀರೆತ್ತುವ ಡೀಸೆಲ್ ಇಂಜಿನ್ನು, ಗುಜರಿಗೆ ಬಂದ ಜೀಪಿನ ಗಾಲಿ ಮತ್ತು ಗೇರುಪೆಟ್ಟಿಗೆ, ಮೇಲೆ ಜಾಲಿಮರದ ಹಲಗೆ. ಇಷ್ಟನ್ನು ಸೇರಿಸಿದರೆ ಗಾಡಿಯಾಗುತ್ತದೆಂದು ಮಾಣಿಕನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆಗುವುದಿಲ್ಲವೆಂದು ಹೇಳುವವರೂ ಆಗ ಚಿದ್ರಿಯಲ್ಲಿ ಇರಲಿಲ್ಲ. ಹಾಗಾಗಿ ಆಯಿತು. ಒಂದು ಕಾಲಕ್ಕೆ ಅವನ ಶೆಡ್ಡಿನಿಂದ ಹೊರಟ ಗಾಡಿಗಳು ಭಾಲ್ಕಿಯ ಸಂತೆಗೂ, ಔರಾದದ ಅಡತಿ ಅಂಗಡಿಗಳಿಗೂ, ಠಾಣಾ ಕುಶನೂರಿನ ತೊಗರಿ ಹೊಲಗಳಿಗೂ ಢಕ್ ಢಕ್ ಎನ್ನುತ್ತ ಓಡಾಡಿದವು. ಬಸ್ಸು ಹೋಗದ ಊರಿಗೆ ಅವು ಹೋಗುತ್ತಿದ್ದವು. ಬಸ್ಸು ಹೋಗುವ ಊರಿಗೂ ಹೋಗುತ್ತಿದ್ದವು, ಬಸ್ಸಿಗಿಂತ ಸ್ವಲ್ಪ ತಡವಾಗಿ. ಅವುಗಳಿಗೆ ನೋಂದಣಿಯಿರಲಿಲ್ಲ, ನಂಬರಿರಲಿಲ್ಲ, ಕಾಗದಪತ್ರವಿರಲಿಲ್ಲ. ಸರಕಾರದ ಲೆಕ್ಕದಲ್ಲಿ ಆ ಗಾಡಿಗಳು ಹುಟ್ಟಿಯೇ ಇರಲಿಲ್ಲ.

ಮಾಣಿಕನ ಶೆಡ್ಡಿಗೆ ಒಂದು ಪದ್ಧತಿಯಿತ್ತು. ಇಂಜಿನ್ನು ಶುರುವಾಗಬೇಕಾದರೆ ಅದರ ಮೂತಿಗೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ಗರಗರ ತಿರುಗಿಸಬೇಕು. ಗಾಡಿ ಕೊಳ್ಳುವವನು ಎಷ್ಟೇ ದೊಡ್ಡವನಿರಲಿ, ಆ ಹ್ಯಾಂಡಲ್ಲನ್ನು ಅವನ ಕೈಗೆ ಕೊಡುತ್ತಿರಲಿಲ್ಲ. ಅವನ ಮನೆಯ ಹೆಣ್ಣುಮಗಳು ಬರಬೇಕು. ಮಾಣಿಕನ ಹೆಂಡತಿ ಮೀರಾಬಾಯಿ ಒಂದು ಕುಪ್ಪಸದ ಖಣ, ಬೊಗಸೆ ಜೋಳ, ಒಂದು ಹೋಳು ಕೊಬ್ಬರಿ, ಅದರ ಮೇಲೆ ಹ್ಯಾಂಡಲ್ ಇಟ್ಟು ಆಕೆಯ ಉಡಿ ತುಂಬುತ್ತಿದ್ದಳು. ಮಗಳನ್ನು ಗಂಡನ ಮನೆಗೆ ಕಳಿಸುವಂತೆ ಗಾಡಿಯನ್ನು ಕಳಿಸುವುದು. ಉಡಿಗೆ ಹ್ಯಾಂಡಲ್ ಬಿದ್ದರೆ ಗಾಡಿ ಆ ಮನೆಯದು. ಬೀಳದಿದ್ದರೆ, ಎಷ್ಟು ದೂರ ಹೋಗಿ ನಿಂತರೂ, ತವರಿನದು. ಹಿಂದೂ, ಮುಸಲ್ಮಾನ, ಬೌದ್ಧ ಎನ್ನದೆ ಎಲ್ಲ ಗಿರಾಕಿಗಳೂ ಇದನ್ನು ಒಪ್ಪಿಕೊಂಡಿದ್ದರು. ಹೊಲ, ಮನೆ, ವೋಟು ಮೂರನ್ನೂ ಹೆಂಡತಿಯನ್ನು ಕೇಳದೆ ಕೊಟ್ಟುಬಿಡುತ್ತಿದ್ದ ಗಂಡಸರು, ಗಾಡಿ ಹೊರಡಿಸಲು ಮಾತ್ರ ದಿನಾ ಬೆಳಿಗ್ಗೆ ಅಡಿಗೆಮನೆಯ ಬಾಗಿಲಿಗೆ ಬಂದು ಕೈ ಚಾಚುತ್ತಿದ್ದರು. ಹಿಂದಿನ ದಿನ ಮನೆಯಲ್ಲಿ ಜಗಳವಾಗಿದ್ದರೆ ಮರುದಿನ ಎಷ್ಟೋ ಊರುಗಳಿಗೆ ಗಾಡಿಯೇ ಬರುತ್ತಿರಲಿಲ್ಲ.

ಆಮೇಲೆ ಕಂಪನಿಯ ಸಣ್ಣ ಟೆಂಪೋಗಳು ಬಂದವು. ಶೆಡ್ಡು ಮುಚ್ಚಿತು. ಮಾಣಿಕ ಹೋದ, ಮೀರಾಬಾಯಿಯೂ ಹೋದಳು. ಗಾಡಿಗಳು ಒಂದೊಂದಾಗಿ ತಾವು ಬಂದ ಗುಜರಿಗೇ ಮರಳಿದವು. ಉಳಿದದ್ದು ಒಂದು. ಭಾಲ್ಕಿಯಿಂದ ಸೊಸೆಯಾಗಿ ಬಂದ ಆಮ್ರಪಾಲಿಯ ಉಡಿಗೆ ಮೀರಾಬಾಯಿ ತನ್ನ ಕೈಯಾರೆ ಹಾಕಿದ ಹ್ಯಾಂಡಲ್ಲಿನ ಗಾಡಿ ಅದು. ಕಮಠಾಣದ ಉಳ್ಳಾಗಡ್ಡಿ, ಮದುವೆಮನೆಯ ಹಂಡೆ, ದನದ ಮೇವಿನ ಕಣಿಕೆ, ಏನು ಸಿಕ್ಕಿದರೆ ಅದನ್ನು ಹೇರಿಕೊಂಡು ನಾಗಸೇನ ಆ ಒಂದು ಗಾಡಿಯಿಂದ ಮನೆ ನಡೆಸುತ್ತಿದ್ದ. ಬಾಡಿಗೆ ಇಲ್ಲದ ಹೊತ್ತಿನಲ್ಲಿ ಚಿದ್ರಿ ಕೂಡುರಸ್ತೆಯ ಬೇವಿನಮರದ ಕೆಳಗೆ ಗಾಡಿ ನಿಲ್ಲಿಸಿ, ವೆಲ್ಡಿಂಗ್ ಅಂಗಡಿಯ ಮುನೀರೋದ್ದೀನನ ಜೊತೆ ಚಹಾ ಕುಡಿಯುತ್ತಿದ್ದ.

ಅಲ್ಲಿಗೇ ಒಂದು ದಿನ ಗೌರವ ನಡೆದುಕೊಂಡು ಬಂತು. ಸರಿಯಾಗಿ ಹೇಳಬೇಕೆಂದರೆ ಎ.ಸಿ. ಕಾರಿನಲ್ಲಿ ಬಂತು. ಇಳಿದವರು ಸಿಮೆಂಟು, ಗ್ರಾನೈಟಿನ ವ್ಯಾಪಾರಿ ಶಿವರಾಜಪ್ಪನವರು ಮತ್ತು ಅವರ ಅಳಿಯ ಅಮಿತಕುಮಾರ. ಊರಿಗೆ ಒಂದು ವಾಹನ ಪರಂಪರೆ ಗೌರವ ಸಮಿತಿ ಹುಟ್ಟಿತ್ತು. ಮಾವ ಅಧ್ಯಕ್ಷ, ಅಳಿಯ ಕಾರ್ಯದರ್ಶಿ. ಹೀಗಾಗಿ ಒಮ್ಮತಕ್ಕೆ ಎಂದೂ ತೊಂದರೆ ಬರಲಿಲ್ಲ.

"ನಾಗಸೇನ, ನಿಮ್ಮಪ್ಪ ಏನ್ ಸಾಧಾರಣ ಮನಷ್ಯಾ ಅಂತ ತಿಳಕೊಂಡೀಯೇನು?" ಎಂದರು ಶಿವರಾಜಪ್ಪನವರು. "ನಮ್ಮ ಬೀದರದಾಗ ಗಾಡಿ ಹುಟ್ಟಿದ್ದು ಜಗತ್ತಿಗೆ ತಿಳೀಬೇಕು. ಇಲ್ಲೇ, ಇದೇ ಜಾಗಾದಾಗ ಚೌಕ ಮಾಡ್ತೇವಿ. ನಡಬರಕ ನಿನ್ನ ಗಾಡಿ."

"ಮತ್ತ ನನ್ನ ಬಾಡಗಿ ಹ್ಯಾಂಗ್ರಿ ಸಾವ್ಕಾರ್ರೆ?"

"ಗಾಡಿ ನಿಂದೇ ಅದ. ಚೌಕದಾಗ ನಿಲ್ತದ, ಅಷ್ಟೇ. ಉದ್ಘಾಟನಿ ದಿನ ವೇದಿಕಿ ಮ್ಯಾಲ ನಿನಗ ಸನ್ಮಾನ. ಶಾಲು, ಫೇಟಾ, ಹಾರ, ಎಲ್ಲಾ."

'ಎಲ್ಲಾ' ಎಂಬ ಮಾತು ಬಾಯಿಂದ ಬೀಳುವ ಮೊದಲೇ ನಾಗಸೇನ ತಲೆಯಾಡಿಸಿದ್ದ.

ಮರುದಿನ ಕ್ರೇನು ಬಂದು ಗಾಡಿಯನ್ನು ಹೊಟ್ಟೆಗೆ ಪಟ್ಟಿ ಕಟ್ಟಿ ಎತ್ತಿಕೊಂಡು ಹೋಯಿತು. ಆಮ್ರಪಾಲಿ ಅಂಗಳದಲ್ಲಿ ನಿಂತು ನೋಡಿದಳು.

"ಕೊಡೂಕಿಂತ ಮೊದಲ ನನ್ನ ಒಂದ್ ಮಾತ್ ಕೇಳಿದ್ರೇನ್ರಿ?"

"ಕೊಟ್ಟಿಲ್ಲ. ನಿಲ್ಲಸ್ಲಾಕ ಕೊಟ್ಟೀನಿ."

"ಹ್ಯಾಂಡಲ್ ಕೇಳಿದ್ರೇನು ಅವರು?"

"ಇಲ್ಲ."

"ಹಂಗಾರ ಕೊಟ್ಟಿಲ್ಲ ಬಿಡ್ರಿ," ಎಂದು ಆಮ್ರಪಾಲಿ ಹ್ಯಾಂಡಲ್ಲನ್ನು ಜೋಳದ ಡಬ್ಬಿಯಲ್ಲಿ ಹುಗಿದಿಟ್ಟು ರೊಟ್ಟಿ ಬಡಿಯಲು ಕುಳಿತಳು.

ಅಂದಿನಿಂದ ನಾಗಸೇನ ಕಮಠಾಣದವರೊಬ್ಬರ ಟೆಂಪೋದಲ್ಲಿ ಹಮಾಲಿಗೆ ಹೋಗತೊಡಗಿದ. ಡ್ರೈವರು ಅವನನ್ನು ಹಿಂದೆ ಚೀಲಗಳ ಮೇಲೆ ಕೂರಿಸುತ್ತಿದ್ದ. "ಗಾಡಿ ಎಲ್ಲಿ ಅಣ್ಣಾ?" ಎಂದು ಹಳೆಯ ಗಿರಾಕಿಗಳು ಕೇಳಿದರೆ, "ಗೌರವಕ್ಕ ಹೋಗ್ಯಾದ್ರಿ," ಎನ್ನುತ್ತಿದ್ದ. ಕೇಳಿದವರಿಗೆ ಅದು ರಿಪೇರಿಗೆ ಹೋಗಿದೆ ಎಂದಂತೆ ಕೇಳಿಸುತ್ತಿತ್ತು. ಸಂಜೆ ಹಿಂದಿರುಗುವಾಗ ಕೂಡುರಸ್ತೆಯಲ್ಲಿ ಇಳಿದು, ಗೌರವ ಎಷ್ಟರಮಟ್ಟಿಗೆ ಮೇಲೆ ಬಂದಿದೆ ಎಂದು ಕೆಲಸದ ಸುತ್ತ ಕಟ್ಟಿದ್ದ ತಗಡಿನ ಸಂದಿಯಿಂದ ನೋಡುತ್ತಿದ್ದ.

ಗೌರವ ಮೊದಲು ಬೇವಿನಮರವನ್ನು ಕಡಿಯಿತು. ಅಲ್ಲಿ ಹಸಿರು ವಲಯ ಬರಬೇಕಾಗಿತ್ತು. ಹಸಿರು ವಲಯ ಸುರುಳಿ ಸುತ್ತಿಕೊಂಡು ಲಾರಿಯಲ್ಲಿ ಬಂತು, ಪ್ಲಾಸ್ಟಿಕ್ಕಿನದು. ನೀರು ಹಾಕುವ ಕೆಲಸವಿಲ್ಲ, ಧೂಳು ಮಾತ್ರ ಜಾಡಿಸಬೇಕು. ನೆಲಕ್ಕೆಲ್ಲ ಗ್ರಾನೈಟು ಹಾಸಿದರು. ಅದು ಎಷ್ಟು ನುಣುಪಾಗಿತ್ತೆಂದರೆ ಬಿಸಿಲಲ್ಲಿ ಕಣ್ಣು ಬಿಡುವಂತಿರಲಿಲ್ಲ, ಮಳೆಯಲ್ಲಿ ಕಾಲಿಡುವಂತಿರಲಿಲ್ಲ. ಅಷ್ಟು ಗ್ರಾನೈಟು ಯಾರ ಅಂಗಡಿಯಿಂದ ಬಂತೆಂದು ಕೇಳುವಷ್ಟು ಅಸಭ್ಯರು ಚಿದ್ರಿಯಲ್ಲಿ ಇರಲಿಲ್ಲ. ಕುಳಿತುಕೊಳ್ಳಲು ಉಕ್ಕಿನ ಬೆಂಚುಗಳನ್ನು ಹಾಕಿದರು. ಮೇ ತಿಂಗಳಲ್ಲಿ ಅವುಗಳ ಮೇಲೆ ರೊಟ್ಟಿ ಬೇಯಿಸಬಹುದಾಗಿತ್ತು, ಕೂರುವುದು ಬೇರೆ ಮಾತು. ಒಂದು ಮೂಲೆಯಲ್ಲಿ ಆಳೆತ್ತರದ ಹಲ್ಲಿನ ಚಕ್ರ ನಿಲ್ಲಿಸಿದರು. ಒಳಗೆ ಥರ್ಮಾಕೋಲು, ಹೊರಗೆ ಬಂಗಾರದ ಬಣ್ಣ. ಇನ್ನೊಂದು ಮೂಲೆಗೆ ಫೈಬರಿನ ಕೆಂಪು ಕಾರು ಬಂತು. ಅದು ಯಾವುದೋ ಮೋಜಿನ ಪಾರ್ಕಿಗೆಂದು ಮಾಡಿದ್ದಂತೆ. ಅಂಥ ಕಾರನ್ನು ಬೀದರದವರು ಯಾರೂ ಕಟ್ಟಿರಲಿಲ್ಲ, ಕೊಂಡಿರಲಿಲ್ಲ, ಅದರ ಕೆಳಗೆ ಸಿಕ್ಕೂ ಇರಲಿಲ್ಲ. ಆದರೂ ಪರಂಪರೆಗೆ ಕೆಂಪು ಬಣ್ಣ ಒಪ್ಪುತ್ತದೆಂದು ಅಮಿತಕುಮಾರ ಹೇಳಿದ.

ನಟ್ಟನಡುವೆ ಸೊಂಟದೆತ್ತರದ ಕಟ್ಟೆಯ ಮೇಲೆ ನಾಗಸೇನನ ಗಾಡಿ. ಮೈಗೆಲ್ಲ ಬೆಳ್ಳಿಯ ಬಣ್ಣ ಬಳಿದಿದ್ದರು, ಜಾಲಿ ಹಲಗೆಗೂ. ನಿಯಮದಲ್ಲಿದೆಯೆಂದು ಅಂಗವಿಕಲರಿಗಾಗಿ ಒಂದು ಅಗಲವಾದ ಇಳಿಜಾರನ್ನೂ ಕಟ್ಟಿದ್ದರು. ಅದು ರಸ್ತೆಯಿಂದ ನೆಟ್ಟಗೆ ಗಾಡಿಯ ಕಟ್ಟೆಗೆ ಹೋಗುತ್ತಿತ್ತು, ಬೇರೆಲ್ಲಿಗೂ ಹೋಗುತ್ತಿರಲಿಲ್ಲ. ಕಟ್ಟೆಯ ಮುಂದೆ ಕಲ್ಲಿನ ಫಲಕ. ಅದರಲ್ಲಿ ಸಮಿತಿಯವರ ಹೆಸರುಗಳು ದೊಡ್ಡ ಅಕ್ಷರದಲ್ಲಿದ್ದವು. ಕೊನೆಯಲ್ಲಿ 'ಹಾಗೂ ಇತರ ಕುಶಲಕರ್ಮಿಗಳು' ಎಂದಿತ್ತು. ಅಪ್ಪ ಆ 'ಇತರ'ದೊಳಗೆ ಇರಬೇಕೆಂದು ನಾಗಸೇನ ಸಮಾಧಾನ ಮಾಡಿಕೊಂಡ.

ಎಲ್ಲ ಮುಗಿದ ಮೇಲೆ ಚೌಕದ ಬಾಯಿಗೆ ಇನ್ನೊಂದು ಬೋರ್ಡು ನೆಟ್ಟರು: 'ಇಲ್ಲಿ ವಾಹನ ನಿಲ್ಲಿಸಬಾರದು'. ಅದನ್ನು ನೋಡಿಕೊಳ್ಳಲು ಸೀಟಿಯ ಸಮೇತ ಒಬ್ಬ ಕಾವಲುಗಾರನನ್ನೂ ಇಟ್ಟರು. ಒಂದು ಸಂಜೆ ನಾಗಸೇನ ಹತ್ತಿ ತನ್ನ ಸೀಟಿನ ಮೇಲೆ ಕೂರಲು ಹೋದಾಗ ಅವನು ಸೀಟಿ ಊದಿದ.

"ಇದು ನನ್ನ ಗಾಡೀರಿ."

"ಎಲ್ಲಾರೂ ಹಂಗೇ ಅಂತಾರ. ಇಳೀರಿ. ಮುಟ್ಟಿದ್ರ ಬಣ್ಣ ಹೋಗ್ತದ."

ಉದ್ಘಾಟನೆಗೆ ಎರಡು ದಿನವಿದ್ದಾಗ ಅಮಿತಕುಮಾರ ಅವಸರದಿಂದ ನಾಗಸೇನನ ಮನೆಗೆ ಬಂದ. ಮುಖ್ಯ ಅತಿಥಿಗಳು ರಿಬ್ಬನ್ ಕತ್ತರಿಸಿ ಕತ್ತರಿಸಿ ಬೇಸತ್ತಿದ್ದರಂತೆ. ಈ ಸಲ ಗಾಡಿಯನ್ನೇ ಚಾಲೂ ಮಾಡಿ ಉದ್ಘಾಟಿಸುತ್ತೇನೆಂದು ಹೇಳಿ ಕಳಿಸಿದ್ದರು. ಮುನೀರೋದ್ದೀನ ಹೋಗಿ ಡೀಸೆಲ್ ಹಾಕಿ, ಎಣ್ಣೆ ಬಿಟ್ಟು, ಎಲ್ಲ ಸರಿಮಾಡಿದ್ದ. ಹ್ಯಾಂಡಲ್ ಒಂದು ಬೇಕಾಗಿತ್ತು.

"ಕೊಡ್ತೇನ್ರಿ," ಎಂದಳು ಆಮ್ರಪಾಲಿ. "ನಮ್ಮತ್ತಿ ಹಾಕಿದ ಪದ್ಧತಿ ಅದ. ಉಡಿ ತುಂಬಿ ಕೊಡ್ಬೇಕು. ನಿಮ್ಮ ಸಮಿತಿಯಾಗಿನ ಹೆಣ್ಮಕ್ಕಳನ್ನ ಕರಕೊಂಡ್ ಬರ್ರಿ."

ಅಮಿತಕುಮಾರ ಯೋಚಿಸಿದ. "ಸಮಿತಿಯಾಗ ಹೆಣ್ಮಕ್ಕಳು ಇಲ್ರೀ ಅಕ್ಕಾ."

"ಒಬ್ಬಾಕಿನೂ ಇಲ್ಲೇನು?"

"ಸ್ವಾಗತಕ್ಕ ಆರತಿ ಹಿಡೀಲಾಕ ಐದು ಮಂದಿಗಿ ಹೇಳೇವಿ. ಅವರು ಸಮಿತಿಯವರಲ್ಲ."

"ಹಂಗಾರ ಯಾರ ಉಡಿಗಿ ಹಾಕ್ಲೆಪ್ಪಾ? ನಿನ್ನ ಉಡಿಗಿ ಹಾಕ್ಲೇನು?"

ಅಮಿತಕುಮಾರ ತನ್ನ ಜೀನ್ಸ್ ಪ್ಯಾಂಟನ್ನು ಒಮ್ಮೆ ನೋಡಿಕೊಂಡ. "ಒಂದ್ ಸಲ ಚಾಲೂ ಮಾಡೂದು ಅಷ್ಟೇ ಅದರೀ ಅಕ್ಕಾ. ಮರದಿನ ನಿಮ್ಮ ಹ್ಯಾಂಡಲ್ ನಿಮಗೇ ಕೊಡ್ತೇವಿ. ಆಮ್ಯಾಲ ಅದರ ಕೆಲಸೇ ಇರಂಗಿಲ್ಲ."

"ಯಾಕ?" ಎಂದ ನಾಗಸೇನ.

"ಮರದಿನ ಗಾಲಿಗೋಳಿಗಿ ಸಿಮೆಂಟ್ ಹಾಕ್ತೇವಲ್ರೀ. ಅಲ್ಲಾಡಬಾರದು. ಪರಮನೆಂಟ್."

ನಾಗಸೇನ ಗೋಡೆಗೆ ಒರಗಿದ. ಇಷ್ಟು ದಿನ ಚೀಲಗಳ ಮೇಲೆ ಕೂತು ಬಂದದ್ದು, ಉದ್ಘಾಟನೆ ಮುಗಿದರೆ ಗಾಡಿ ಬಾಡಿಗೆಗೆ ಹೊರಡುತ್ತದೆ, ಸಂಜೆ ಚೌಕಕ್ಕೆ ಬಂದು ನಿಲ್ಲುತ್ತದೆ ಎಂಬ ನಂಬಿಕೆಯ ಮೇಲೆ. ಬೇವಿನಮರದ ಕೆಳಗೆ ನಿಲ್ಲುತ್ತಿದ್ದಂತೆ, ಸ್ವಲ್ಪ ಗೌರವದಿಂದ.

"ಸಾವ್ಕಾರ್ರು ಗಾಡಿ ನಂದೇ ಅಂದಿದ್ರು."

"ನಿಮ್ಮದೇ ಅದರೀ," ಎಂದ ಅಮಿತಕುಮಾರ. "ಯಾರ್ ಇಲ್ಲಂದ್ರು? ಎಂದ್ ಬೇಕಾದ್ರೂ ಬಂದು ನೋಡಬಹುದು. ಸೋಮವಾರ ಒಂದ್ ರಜಾ."

ಆಮ್ರಪಾಲಿ ಗಂಡನ ಮುಖವನ್ನೂ ಅಮಿತಕುಮಾರನ ಮುಖವನ್ನೂ ನೋಡಿ, "ಹ್ಯಾಂಡಲ್ ನಾನೇ ತಗೊಂಡ್ ಬರ್ತೇನಿ, ನೀವ್ ಹೋಗ್ರಿ," ಎಂದಳು. ಅವನು ಹೋದ ಮೇಲೆ ಮೊರ ಹಿಡಿದು ಜೋಳ ಹಸನು ಮಾಡಲು ಕುಳಿತಳು. ಬೈದಿದ್ದರೆ ಗಂಡನಿಗೆ ಸ್ವಲ್ಪ ಹಗುರಾಗುತ್ತಿತ್ತು.

"ಗಾಡಿ ಕೇಳಿದ್ರ ಸನ್ಮಾನ ತಪ್ಪಸ್ತಾರ," ಎಂದು ತಾನೇ ಹೇಳಿದ ನಾಗಸೇನ.

"ಸನ್ಮಾನ ಮಾಡಸ್ಕೊಂಡ್ ಬರ್ರಿ," ಎಂದಳು ಆಕೆ. "ಶಾಲಿನ ಮ್ಯಾಲ ಉಳ್ಳಾಗಡ್ಡಿ ಹೇರಿ ಕಮಠಾಣಕ್ಕ ಹೋಗ್ರಿ."

ಉದ್ಘಾಟನೆಯ ದಿನ ಹತ್ತು ಗಂಟೆಯ ಕಾರ್ಯಕ್ರಮಕ್ಕೆ ಮುಖ್ಯ ಅತಿಥಿಗಳು ಒಂದು ಗಂಟೆಗೆ, ಅಂದರೆ ಬೇಗನೆ, ಬಂದರು. ಅಷ್ಟು ಹೊತ್ತಿಗೆ ಇಡೀ ಚೌಕದಲ್ಲಿ ನೆರಳು ಕೊಡುತ್ತಿದ್ದುದು ಒಂದೇ ವಸ್ತು, ಶಿವರಾಜಪ್ಪನವರ ಕಟೌಟು. ಜನ ಅದರ ಹಿಂದೆ ಸಾಲಾಗಿ ನಿಂತಿದ್ದರು. ಅವರಲ್ಲಿ ಠಾಣಾ ಕುಶನೂರು, ಔರಾದ, ಭಾಲ್ಕಿ ಕಡೆಯಿಂದ ಬಂದ ಹಳೆಯ ಇಂಜಿನ್ ಗಾಡಿಯ ಡ್ರೈವರುಗಳೂ ಇದ್ದರು. ಅವರನ್ನು ಯಾರೂ ಕರೆದಿರಲಿಲ್ಲ, ಸುದ್ದಿ ಕೇಳಿ ಬಂದಿದ್ದರು.

ನಾಗಸೇನ ವೇದಿಕೆಯ ಮೇಲೆ ಕೊನೆಯ ಕುರ್ಚಿಯಲ್ಲಿ ಕುಳಿತಿದ್ದ. ಬೆಳಿಗ್ಗೆಯೇ ಅವನ ತಲೆಗೆ ಕೇಸರಿ ಬಣ್ಣದ ಫೇಟಾ ಕಟ್ಟಿದ್ದರು. ಅವನಿಗಿಂತ ಮೊದಲು ಸನ್ಮಾನ ಆಗಬೇಕಾದವರು ಗ್ರಾನೈಟು ಹಾಸಿದ ಗುತ್ತೇದಾರರು, ಬ್ಯಾನರು ಛಾಪಿಸಿದವರು, ಶಾಮಿಯಾನದವರು, ಮತ್ತು ಶಾಲಿನ ಅಂಗಡಿಯವರು. ಶಾಲಿನ ಅಂಗಡಿಯವರಿಗೆ ಅವರದೇ ಅಂಗಡಿಯ ಶಾಲು ಹೊದಿಸಿದರು. ಅವರು ಅಂಚನ್ನು ತಿರುವಿ ಬೆಲೆಯ ಚೀಟಿ ನೋಡಿಕೊಂಡರು.

ಮುಖ್ಯ ಅತಿಥಿಗಳು ಗಾಡಿಯ ಕಡೆ ಬೆರಳು ಮಾಡಿ, "ಇದು ಯಾವ ಕಂಪನೀದು?" ಎಂದು ಕೇಳಿದರು.

"ಹೆರಿಟೇಜ್ ಸರ್," ಎಂದ ಅಮಿತಕುಮಾರ.

"ಒಳ್ಳೆ ಕಂಪನಿ," ಎಂದು ಅವರು ತಲೆದೂಗಿದರು. ಮುಂದೆ ಹುಮನಾಬಾದಿನಲ್ಲಿ ಇನ್ನೊಂದು ಕಾರ್ಯಕ್ರಮವಿತ್ತು. ಉಳಿದ ಸನ್ಮಾನ ಆಮೇಲಾಗಲಿ, ಮೊದಲು ಗಾಡಿ ಚಾಲೂ ಆಗಲಿ ಎಂದರು.

ಆಮ್ರಪಾಲಿ ಬುದ್ಧ ಜಯಂತಿಗೆ ಉಡುವ ಬಿಳಿ ಸೀರೆಯ ಸೆರಗಿನಲ್ಲಿ ಖಣ, ಜೋಳ, ಕೊಬ್ಬರಿ, ಹ್ಯಾಂಡಲ್ ಕಟ್ಟಿಕೊಂಡು ಬಂದು ಕಟ್ಟೆಯ ಹತ್ತಿರ ನಿಂತಳು.

"ಯಾರ ಉಡಿಗಿ ಹಾಕ್ಬೇಕ್ರಿ?"

ಶಿವರಾಜಪ್ಪನವರು ನಗುತ್ತ ಕೈ ಚಾಚಿದರು. "ಹಂಗೇ ಕೊಡವ್ವಾ, ಟೈಮ್ ಆಗ್ಲತ್ತದ."

ಕಟೌಟಿನ ನೆರಳಿನಿಂದ ಭಾಲ್ಕಿಯ ಒಬ್ಬ ಮುದುಕ ಡ್ರೈವರು ಕೂಗಿ ಹೇಳಿದ, "ಹಂಗ ಕೊಡಬಾರದ್ರಿ ಸಾವ್ಕಾರ್ರೆ. ಸೆರಗ ಒಡ್ರಿ." ಇನ್ನೊಬ್ಬ, "ಸಾವ್ಕಾರ್ರ ಧೋತ್ರದಾಗೂ ಹಿಡಸ್ತದ," ಎಂದ. ಜನ ನಕ್ಕರು. ಆರತಿ ಹಿಡಿದ ಹುಡುಗಿಯರ ಕಡೆ ಶಿವರಾಜಪ್ಪನವರು ನೋಡಿದರೆ, ಅವರು ತಟ್ಟೆ ಕೆಳಗಿಟ್ಟು ಊಟದ ಪೆಂಡಾಲಿಗೆ ಹೋಗಿದ್ದರು. ಮುಖ್ಯ ಅತಿಥಿಗಳು ಗಡಿಯಾರ ನೋಡಿಕೊಂಡು, "ಹ್ಯಾಂಡಲ್ ನೀವೇ ಹೊಡೀರಿ ಅಕ್ಕಾ, ನಾ ಕೈ ಹಚ್ಚಿದಂಗ ಮಾಡ್ತೇನಿ," ಎಂದರು.

ಅವರು ಕೈ ಹಚ್ಚಿದಂತೆ ಮಾಡಿದರು, ಫೋಟೋ ಆಯಿತು. ಆಮೇಲೆ ಆಮ್ರಪಾಲಿ ಸೆರಗು ಬಿಗಿದು, ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿದಳು. ಗಾಡಿ ಒಮ್ಮೆ ಕೆಮ್ಮಿತು, ಎರಡನೆಯ ಸಲಕ್ಕೆ ಢಕ್ ಢಕ್ ಎಂದು ಎದ್ದಿತು. ಮೊದಲ ಹೊಗೆ ನೇರ ಹೋಗಿ ಕಲ್ಲಿನ ಫಲಕದ ಮೇಲಿನ ಹೆಸರುಗಳಿಗೆ ಬಡಿಯಿತು. ಬೆಳ್ಳಿಯ ಬಣ್ಣ ಅಲ್ಲಲ್ಲಿ ಹಪ್ಪಳದಂತೆ ಎದ್ದು ಉದುರಿತು. ಹಳೆಯ ಡ್ರೈವರುಗಳು ಟೋಪಿ ತೆಗೆದು ನಿಂತರು.

ಗದ್ದಲದಲ್ಲೇ ಮೈಕಿನಲ್ಲಿ ಹೆಸರು ಬಂತು. "ಶ್ರೀ ನಾಗಸೇನ ಮಾಣಿಕ ಅವರಿಗೆ ಗೌರವ ಸನ್ಮಾನ." ಶಾಲು ಬಿಚ್ಚಿದ ಸಪ್ಪಳವೂ ಅವನಿಗೆ ಕೇಳಿಸಿತು. ವೇದಿಕೆಗೆ ಮರಳಿದ ಮುಖ್ಯ ಅತಿಥಿಗಳು ಶಾಲಿನ ಎರಡೂ ತುದಿ ಹಿಡಿದು, ಕ್ಯಾಮೆರಾದ ಕಡೆ ಮುಖ ಮಾಡಿ ನಿಂತಿದ್ದರು. ನಾಗಸೇನ ಎದ್ದ. ಎದ್ದವನ ಕಣ್ಣು ಗಾಡಿಯ ಮೇಲೆ ಬಿತ್ತು. ಆಮ್ರಪಾಲಿ ಆಗಲೇ ಹತ್ತಿ, ಡ್ರೈವರ್ ಸೀಟಿನ ಪಕ್ಕದ ಹಲಗೆಯ ಮೇಲೆ ಹ್ಯಾಂಡಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಕರೆಯಲಿಲ್ಲ, ಕೈ ಮಾಡಲಿಲ್ಲ. ವಾರದ ಸಂತೆಗೆ ಹೊರಟಾಗ ಕೂರುತ್ತಿದ್ದಂತೆ ಕುಳಿತಿದ್ದಳು. ಕಟ್ಟೆಯ ಹಿಂದೆ ಸಿಮೆಂಟಿನ ಚೀಲಗಳು ಒಂದರ ಮೇಲೊಂದು ಕಾಯುತ್ತಿದ್ದವು. ಗಾಡಿಯ ಮಗ್ಗುಲಲ್ಲಿ ಅಮಿತಕುಮಾರ, ಇಂಜಿನ್ನು ಬಂದ್ ಮಾಡುವ ಕಡ್ಡಿ ಯಾವುದು ಎಂದು ಮುನೀರೋದ್ದೀನನನ್ನು ಕೇಳುತ್ತಿದ್ದ. ಮುನೀರೋದ್ದೀನನಿಗೆ ಅವತ್ತು ಯಾಕೋ ಕಿವಿ ಕೇಳಿಸುತ್ತಿರಲಿಲ್ಲ.

ಬಾಳಿನುದ್ದಕ್ಕೂ ಕಾದ ಶಾಲು ಎರಡು ಹೆಜ್ಜೆ ಮುಂದಿತ್ತು. ನಾಗಸೇನ ಅದರ ಮುಂದಿನಿಂದಲೇ ಹೋದ. "ಸ್ವಲ್ಪ ಸರೀರಿ ಸಾಹೇಬ್ರೆ," ಎಂದು ಬಾಗಿ ದಾಟಿ, ವೇದಿಕೆ ಇಳಿದು, ಕಟ್ಟೆ ಹತ್ತಿ ತನ್ನ ಸೀಟಿನಲ್ಲಿ ಕುಳಿತ. ಶಾಲು ಹಿಡಿದವರು ಹಾಗೆಯೇ ಗಾಳಿಗೆ ಹೊದಿಸುತ್ತ ನಿಂತರು. ಆ ಫೋಟೋ ಚೆನ್ನಾಗಿ ಬಂದಿದೆಯಂತೆ. ಗಾಲಿಗೆ ಒತ್ತುಕೊಟ್ಟ ಇಟ್ಟಿಗೆಗಳನ್ನು ಮುನೀರೋದ್ದೀನ ಕಾಲಿನಿಂದ ಆಚೆ ತಳ್ಳಿದ. ಗಾಡಿ ಅಂಗವಿಕಲರ ಇಳಿಜಾರಿನಲ್ಲಿ ಮೆಲ್ಲಗೆ ಇಳಿದು ರಸ್ತೆಗೆ ಬಂತು. ಆ ಇಳಿಜಾರು ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಜನ ಇದೂ ಕಾರ್ಯಕ್ರಮದಲ್ಲಿ ಒಂದು ಎಂದುಕೊಂಡು ಚಪ್ಪಾಳೆ ತಟ್ಟಿದರು. ಒಂದು ಸುತ್ತು ಹಾಕಿ ಬರುತ್ತಾರೆಂದು ಸಮಿತಿಯವರೂ ತಟ್ಟಿದರು. ಸಂಜೆಯವರೆಗೆ ಕಾದರು.

ಮರುದಿನ ಅಮಿತಕುಮಾರ ಪೊಲೀಸ್ ಠಾಣೆಗೆ ಹೋದನಂತೆ. ಗಾಡಿಯ ನಂಬರು ಕೇಳಿದರು, ಇಲ್ಲ ಎಂದ. ಕಂಪನಿ ಕೇಳಿದರು, ಹೆರಿಟೇಜ್ ಎಂದ. ಮಾಲೀಕ ಯಾರೆಂದು ಕೇಳಿದರು, ನಾಗಸೇನ ಎಂದ. "ತಗೊಂಡ್ ಹೋದಾವ ಯಾರು?" ಎಂದರೆ, ಅದೂ ನಾಗಸೇನನೇ. "ಮನಿಗಿ ಹೋಗಿ ನೀರ್ ಕುಡ್ದು ಮಲಕೋರಿ," ಎಂದು ಪೇದೆ ಕಳಿಸಿಕೊಟ್ಟ. ಈಗ ಕಟ್ಟೆಯ ಮೇಲೆ ಕೆಂಪು ಕಾರನ್ನು ತಂದಿಟ್ಟಿದ್ದಾರೆ. ಫಲಕವನ್ನು ಬದಲಿಸಿಲ್ಲ. ಇತರ ಕುಶಲಕರ್ಮಿಗಳು ಅದನ್ನೂ ತಾವೇ ಕಟ್ಟಿದ್ದೇವೆಂದು ಒಪ್ಪಿಕೊಳ್ಳಬೇಕಾಗಿದೆ.

ಸಮಿತಿಯಿಂದ ನಾಗಸೇನನ ಮನೆಗೆ ಗಾಡಿ ಕೇಳಲು ಯಾರೂ ಬರಲಿಲ್ಲ. ಫೇಟಾ ಕೇಳಲು ಬಂದರು. ಬಂದವನು ಬಾಡಿಗೆ ಫೇಟಾದ ಅಂಗಡಿಯ ರಶೀದ ಅಹ್ಮದ.

"ಎಲ್ಲಾರೂ ಅಲ್ಲೇ ಬಿಚ್ಚಿ ಕೊಟ್ಟಾರ್ರಿ. ನಿಮ್ಮದೊಂದೇ ಬಾಕಿ," ಎಂದ.

ಆಮ್ರಪಾಲಿ ಫೇಟಾವನ್ನು ಒಗೆದು, ಗಂಜಿ ಹಾಕಿ, ಮಡಚಿ ಇಟ್ಟಿದ್ದಳು. ನಾಗಸೇನ ಅದನ್ನು ಕೊನೆಯ ಸಲ ಬೆರಳಿನಿಂದ ಸವರಿ ಕೊಟ್ಟ. "ನಡೀರಿ, ಅಲ್ಲೇ ಕೂಡುರಸ್ತಾ ತನಕ ಬಿಡ್ತೇನಿ," ಎಂದು ಅಡಿಗೆಮನೆಯ ಬಾಗಿಲಿಗೆ ಹೋಗಿ ಕೈ ಚಾಚಿದ. ಆಮ್ರಪಾಲಿ ಹಿಟ್ಟಿನ ಕೈ ತೊಳೆದುಕೊಳ್ಳುವವರೆಗೆ ಅವನನ್ನು ಅಲ್ಲೇ ನಿಲ್ಲಿಸಿ, ಆಮೇಲೆ ಹ್ಯಾಂಡಲ್ ಕೊಟ್ಟಳು.

ಬೆಳ್ಳಿಯ ಬಣ್ಣ ಇನ್ನೂ ಅರ್ಧ ಅಂಟಿಕೊಂಡಿದ್ದ ಗಾಡಿ ಉಳ್ಳಾಗಡ್ಡಿ ಚೀಲಗಳನ್ನೂ, ಅದರ ಮೇಲೆ ಫೇಟಾ ಹಿಡಿದ ರಶೀದ ಅಹ್ಮದನನ್ನೂ ಹೊತ್ತು ಚೌಕದ ಹತ್ತಿರ ಬಂತು. ಅವನನ್ನು ಇಳಿಸಲೆಂದು ನಾಗಸೇನ ವೇಗ ತಗ್ಗಿಸಿದ. ಕಾವಲುಗಾರ ಓಡಿ ಬಂದು ಸೀಟಿ ಊದಿ ಬೋರ್ಡಿನ ಕಡೆ ಕೈ ಮಾಡಿದ.

"ಇಲ್ಲಿ ಗಾಡಿ ನಿಲ್ಲಸಬಾರದ್ರಿ."

"ನಿಲ್ಲಸಂಗಿಲ್ಲ ಬಿಡ್ರಿ," ಎಂದು ನಾಗಸೇನ ಗೇರು ಬದಲಿಸಿದ.